ಮಾಸಿದ ಬೋರ್ಡುಗಳ ಮುಂದೆ

ಬನ್ನೇರುಘಟ್ಟ ರಸ್ತೆಯಲ್ಲಿ ಬಿಳೇಕಹಳ್ಳಿಯ ಹತ್ತಿರ ಯಾವ ಆಟೋದವರನ್ನು ಕೇಳಿದರೂ ‘ವಿಜಯಾ ಬ್ಯಾಂಕ್ ಲೇಔಟ್’ ತೋರಿಸುತ್ತಾರೆ. ಆದರೆ ವಿಜಯಾ ಬ್ಯಾಂಕ್ ಎಲ್ಲಿದೆ ಎಂದು ಕೇಳಿ ನೋಡಿ! 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಆ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಬ್ಯಾಂಕು ಹೋಯಿತು, ಬಡಾವಣೆಯ ಹೆಸರು ಉಳಿಯಿತು. ಪಕ್ಕದ ಬಿ.ಟಿ.ಎಂ. ಕಡೆಗೆ ಹೋದರೆ ‘ಮೈಕೋ ಲೇಔಟ್’ ಸಿಗುತ್ತದೆ. ಮೈಕೋ ಕಂಪನಿ 2008ರಲ್ಲೇ ಬಾಷ್ ಎಂದು ಹೆಸರು ಬದಲಾಯಿಸಿಕೊಂಡಿದೆ. ಪೇಟೆಗೆ ಹೋದರೆ ಮೈಸೂರು ಬ್ಯಾಂಕ್ ವೃತ್ತ. ಆ ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನೊಳಗೆ ಕರಗಿತು. ಮೆಜೆಸ್ಟಿಕ್ ಎಂಬುದು ಒಂದು ಚಿತ್ರಮಂದಿರದ ಹೆಸರಾಗಿತ್ತು ಎಂದರೆ ಈಗಿನ ಮಕ್ಕಳು ಕಣ್ಣರಳಿಸುತ್ತಾರೆ. ಜಯನಗರದ ಸೌತ್ ಎಂಡ್ ವೃತ್ತವಂತೂ ಊರಿನ ದಕ್ಷಿಣದ ಕೊನೆ ತಾನೇ ಎಂದು ಇನ್ನೂ ಹೇಳಿಕೊಂಡು ಕೂತಿದೆ. ಅಲ್ಲಿಂದ ದಕ್ಷಿಣಕ್ಕೆ ಊರು ಎಷ್ಟು ಮೈಲಿ ಬೆಳೆದಿದೆ ಎಂಬುದನ್ನು ಅದಕ್ಕೆ ಯಾರೂ ತಿಳಿಸಿಲ್ಲ.

ಹೀಗೆ ನಮ್ಮ ಕಡೆ ಇಲ್ಲದ ವಸ್ತುಗಳಿಗೆಲ್ಲ ಹೆಸರಿದೆ. ತಮಾಷೆ ಏನೆಂದರೆ, ಇರುವ ಎಷ್ಟೋ ವಸ್ತುಗಳಿಗೆ ಹೆಸರು ಅಳಿಸಿಹೋಗುತ್ತಿದೆ. ಬಿಳೇಕಹಳ್ಳಿಯ ಒಳರಸ್ತೆಗಳಲ್ಲಿ, ಅಪಾರ್ಟ್‌ಮೆಂಟುಗಳ ಸಂದಿಯಲ್ಲಿ, ಇನ್ನೂ ಮರದ ಹಲಗೆಯ ಬಾಗಿಲಿನ ಒಂದೆರಡು ಅಂಗಡಿಗಳಿವೆ. ತಗಡಿನ ಬೋರ್ಡುಗಳಿವೆ. ಮೇಲೆ ಬರೆದದ್ದು ಅರ್ಧ ಕಾಣುತ್ತದೆ, ಅರ್ಧ ಊಹಿಸಬೇಕು. ನಾನು ಬಿಡುವಿನ ದಿನ ಫೋಟೋ ತೆಗೆಯುವುದು ಇವುಗಳನ್ನು.

ಇದೇನು ಹುಚ್ಚು ಎಂದು ನಮ್ಮ ಮನೆಯಲ್ಲೂ ಕೇಳಿದ್ದಾರೆ. ಹುಡುಗನಾಗಿದ್ದಾಗ ಚಿಕ್ಕಪ್ಪನ ಆಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾ ನನ್ನ ಕೈಗೆ ಬಂದಿತ್ತು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಹನ್ನೆರಡರಲ್ಲಿ ಹತ್ತು ಮನೆಯವರಿಗೆ, ಒಂದು ದೇವಸ್ಥಾನಕ್ಕೆ, ಉಳಿದ ಒಂದು ಮಾತ್ರ ನನ್ನ ಇಷ್ಟಕ್ಕೆ. ಅಂಗಡಿ ಬೋರ್ಡಿಗೆ ಫಿಲ್ಮು ಖರ್ಚು ಮಾಡುವ ಧೈರ್ಯ ಯಾರಿಗಿತ್ತು? ಈಗ ಫೋನಿದೆ. ಬನ್ನೇರುಘಟ್ಟ ರಸ್ತೆಯಲ್ಲಿ ಮೆಟ್ರೊ ಕಾಮಗಾರಿ ಶುರುವಾಗಿ, ರಸ್ತೆ ಬದಿಯ ಗೋಡೆಗಳ ಮೇಲೆ ಕೆಂಪು ಬಣ್ಣದ ಗುರುತುಗಳು ಬೀಳತೊಡಗಿದಾಗ ನಾನೂ ಶುರುಮಾಡಿದೆ. ಗುರುತು ಬಿದ್ದ ಗೋಡೆಯೆಂದರೆ ನಾಳೆ ಇಲ್ಲದ ಗೋಡೆ. ದೊಡ್ಡದೇ ಉಳಿಯದ ಕಾಲ ಇದು. 2006ರಲ್ಲಿ ಉದ್ಘಾಟನೆಯಾದ ಜಯದೇವ ಮೇಲ್ಸೇತುವೆಯನ್ನು 2020ರಲ್ಲಿ ಮೆಟ್ರೊಗಾಗಿ ಒಡೆದು ತೆಗೆದರು. ಹದಿನಾಲ್ಕೇ ವರ್ಷ! ಹೈಸ್ಕೂಲು ಹುಡುಗನಷ್ಟು ಆಯಸ್ಸು. ಸೇತುವೆಗೇ ಹೀಗಾದರೆ ಇಸ್ತ್ರಿ ಅಂಗಡಿಯ ಬೋರ್ಡಿನ ಪಾಡೇನು?

ಮೊದಮೊದಲು ಚಂದ ಕಂಡದ್ದನ್ನು ತೆಗೆಯುತ್ತಿದ್ದೆ. ಬರಬರುತ್ತಾ ಬೋರ್ಡನ್ನು ನೋಡುವುದು ಬಿಟ್ಟು ಓದುವುದು ಅಭ್ಯಾಸವಾಯಿತು. ಲಾಲ್‌ಬಾಗಿನ ಬಂಡೆಯ ಮುಂದೆ ನಿಂತು ಭೂವಿಜ್ಞಾನಿಗಳು ಕಾಲ ಹೇಳುತ್ತಾರಲ್ಲ, ಅದೇ ಕೆಲಸ. ಇಲ್ಲಿ ಕೋಟಿ ವರ್ಷಗಳ ಬದಲು ಐದು ಹತ್ತು ವರ್ಷಗಳ ಲೆಕ್ಕ.

ನಮ್ಮ ಶಾಲೆಯ ಮಕ್ಕಳಿಗೆ ನಾನು ಮೊದಲು ತೋರಿಸುವುದು ಫೋನ್ ನಂಬರು. ಬೋರ್ಡಿನಲ್ಲಿ ಏಳಂಕಿಯ ನಂಬರಿದ್ದು ಅದು 6ರಿಂದ ಆರಂಭವಾಗಿದ್ದರೆ ಆ ಬರಹ ಕಳೆದ ಶತಮಾನದ ಕೊನೆಯದು ಅಥವಾ ಈ ಶತಮಾನದ ಮೊದಲ ಒಂದೆರಡು ವರ್ಷದ್ದು. ಆಮೇಲೆ ಎಲ್ಲ ನಂಬರುಗಳ ಹಿಂದೆ ಒಂದು 2 ಸೇರಿ ಎಂಟಂಕಿಯಾಯಿತು. ಎಷ್ಟೋ ಅಂಗಡಿಯವರು ಹೊಸದಾಗಿ ಬರೆಸದೆ ಹಳೆಯ ನಂಬರಿನ ಪಕ್ಕದಲ್ಲಿ ಬೇರೆ ಬಣ್ಣದಲ್ಲಿ ಒಂದು 2 ಅನ್ನು ತುರುಕಿದ್ದಾರೆ. ಆ ಇಕ್ಕಟ್ಟಿನ 2 ನನಗೆ ಬಹಳ ಪ್ರಿಯ. ಅದರ ಕೆಳಗೆ ಮೊಬೈಲಿನ ಹತ್ತಂಕಿ ಬಂದಿದ್ದರೆ ಅದು ಇನ್ನೊಂದು ಪದರ. ‘ಎಸ್.ಟಿ.ಡಿ., ಐ.ಎಸ್.ಡಿ., ಪಿ.ಸಿ.ಓ.’ ಎಂದು ಹಳದಿಯ ಮೇಲೆ ಕಪ್ಪಿನಲ್ಲಿ ಬರೆದದ್ದು ಕಂಡರೆ, ಓದುಗರಲ್ಲಿ ನನ್ನ ವಯಸ್ಸಿನವರಿಗೆ ರಾತ್ರಿ ದರ ಕಡಿಮೆಯಾಗುವ ಹೊತ್ತಿಗೆ ಕಾದು ನಿಂತ ಕ್ಯೂ ನೆನಪಾದೀತು. ಮಕ್ಕಳಿಗೆ ಮಾತ್ರ ಆ ಮೂರು ಹೆಸರನ್ನೂ ಬಿಡಿಸಿ ಹೇಳಬೇಕು.

ವಿಳಾಸವೂ ಕಾಲ ಹೇಳುತ್ತದೆ. ಬಿಳೇಕಹಳ್ಳಿಯ ಹಳೆಯ ಬೋರ್ಡೊಂದರಲ್ಲಿ ‘ಬೊಮ್ಮನಹಳ್ಳಿ ನಗರಸಭೆ’ ಎಂಬ ಮಾತು ಇದ್ದರೆ ಅದು 2007ಕ್ಕೆ ಹಿಂದಿನದು. ಆ ವರ್ಷ ಸುತ್ತಲಿನ ನಗರಸಭೆಗಳನ್ನೂ ನೂರಹತ್ತು ಹಳ್ಳಿಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯೂ ಐದಾಗಿ ಒಡೆದು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ನೆನ್ನೆ ಮೊನ್ನೆ ಬರೆಸಿದ ‘ಬಿ.ಬಿ.ಎಂ.ಪಿ.’ ಬೋರ್ಡುಗಳೂ ಈಗ ಹಳೆಯ ಪದರಕ್ಕೆ ಸೇರಿದವು. ಇಂಗ್ಲಿಷಿನಲ್ಲಿ ‘ಬ್ಯಾಂಗಲೋರ್’ ಎಂದಿದ್ದರೆ 2014ರ ನವೆಂಬರ್ 1ಕ್ಕೆ ಹಿಂದಿನದಿರಬಹುದು. ‘ಇರಬಹುದು’ ಎಂದೇ ಹೇಳಬೇಕು, ಏಕೆಂದರೆ ಹಟ ಹಿಡಿದು ಇವತ್ತಿಗೂ ಹಾಗೆಯೇ ಬರೆಸುವವರಿದ್ದಾರೆ. 29ರಿಂದ ಶುರುವಾಗುವ ಹದಿನೈದು ಅಕ್ಷರ-ಅಂಕಿಗಳ ಸಾಲಿದ್ದರೆ ಅದು ಜಿ.ಎಸ್.ಟಿ. ಸಂಖ್ಯೆ, 2017ರ ಜುಲೈ ಈಚಿನದು. ಇನ್ನು 2024ರಲ್ಲಿ ಬೋರ್ಡಿನ ನೂರಕ್ಕೆ ಅರವತ್ತು ಭಾಗ ಕನ್ನಡ ಇರಬೇಕೆಂಬ ಕಾನೂನು ಬಂದಾಗ ಊರಿಗೆ ಊರೇ ಹೊಸ ಬಣ್ಣ ಹೊಡೆಸಿತು. ಕನ್ನಡ ಕಂಡು ಸಂತೋಷವಾಯಿತು, ಆದರೆ ಆ ಅವಸರದ ಬಣ್ಣದಡಿ ಎಷ್ಟೋ ಹಳೆಯ ಕನ್ನಡ ಅಕ್ಷರಗಳೂ ಮುಚ್ಚಿಹೋದವು. ದುಂಡಗೆ, ನೆರಳು ಕೊಟ್ಟು, ಕುಂಚದಲ್ಲಿ ಬರೆದ ಆ ಅಕ್ಷರದ ಅಂದವನ್ನು ಕಂಪ್ಯೂಟರಿನಲ್ಲಿ ಕತ್ತರಿಸಿದ ಸ್ಟಿಕ್ಕರು ಕೊಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಬಣ್ಣ ಮಾಸುವುದರಲ್ಲೂ ಒಂದು ಕ್ರಮವಿದೆ. ಗಮನಿಸಿ: ಬಿಸಿಲಿಗೆ ಬಿದ್ದ ಬೋರ್ಡಿನಲ್ಲಿ ಮೊದಲು ಹೋಗುವುದು ಸಾಮಾನ್ಯವಾಗಿ ಕೆಂಪು. ಕೆಂಪು ಗುಲಾಬಿಯಾಗಿ, ಗುಲಾಬಿ ಬಿಳುಚಿ, ಕೊನೆಗೆ ಇಲ್ಲವಾಗುತ್ತದೆ. ನೀಲಿ, ಕಪ್ಪು ಉಳಿಯುತ್ತವೆ. ಅದಕ್ಕೇ ಎಷ್ಟೋ ಅಂಗಡಿಗಳ ಹೆಸರು ಹೋಗಿ, ಕೆಳಗೆ ನೀಲಿಯಲ್ಲಿ ಸಣ್ಣದಾಗಿ ಬರೆದ ‘ಸಾಲ ಕೇಳಬೇಡಿ’ ಮಾತ್ರ ಉಳಿದಿರುತ್ತದೆ! ಕಾರಣ ಹತ್ತನೇ ತರಗತಿಯ ಮಕ್ಕಳಿಗೂ ಅರ್ಥವಾಗುವಂಥದು. ಕೆಂಪು ಬಣ್ಣ ಕೆಂಪಾಗಿ ಕಾಣುವುದು ಅದು ಕೆಂಪು ಬೆಳಕನ್ನು ಹೊರಗೆ ಬಿಟ್ಟು ಹಸಿರು, ನೀಲಿ, ನೇರಳೆ ಬೆಳಕನ್ನು ಹೀರಿಕೊಳ್ಳುವುದರಿಂದ. ನೇರಳೆ ಬೆಳಕಿನ ಒಂದು ಕಣಕ್ಕೆ ಕೆಂಪು ಬೆಳಕಿನ ಕಣಕ್ಕಿಂತ ಸುಮಾರು ಒಂದೂಮುಕ್ಕಾಲು ಪಟ್ಟು ಶಕ್ತಿ. ಅಂದರೆ ಪಾಪದ ಕೆಂಪು ಬಣ್ಣ ದಿನವಿಡೀ ಜೋರಾದ ಏಟುಗಳನ್ನೇ ತಿನ್ನುತ್ತದೆ. ಜೊತೆಗೆ ಅತಿನೇರಳೆ ಕಿರಣ ಎಲ್ಲರ ಮೇಲೂ ಬೀಳುತ್ತದೆ. ಅಗ್ಗದ ಕೆಂಪು ಬಣ್ಣಗಳ ಅಣುಗಳಲ್ಲಿರುವ ಬಂಧಗಳು ಆ ಏಟಿಗೆ ಮುರಿಯುತ್ತವೆ; ಬಂಧ ಮುರಿದರೆ ಬಣ್ಣವಿಲ್ಲ.

ಹಾಗಾದರೆ ದೇವಸ್ಥಾನದ ಗೋಡೆಯ ಕೆಮ್ಮಣ್ಣಿನ ಪಟ್ಟೆ ಏಕೆ ಮಾಸುವುದಿಲ್ಲ ಎಂದು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಕೆಮ್ಮಣ್ಣೆಂದರೆ ಕಬ್ಬಿಣದ ಆಕ್ಸೈಡ್, ಅಂದರೆ ಆಗಲೇ ತುಕ್ಕು ಹಿಡಿದು ಮುಗಿದಿರುವ ಕಬ್ಬಿಣ. ಅದಕ್ಕೆ ಬಿಸಿಲು ಇನ್ನೇನು ಮಾಡೀತು? ಬಿಳಿಯ ಕಥೆ ಬೇರೆ. ಹಳೆಯ ಬಿಳಿ ಬಣ್ಣದ ಮೇಲೆ ಬೆರಳಾಡಿಸಿದರೆ ಸೀಮೆಸುಣ್ಣದಂಥ ಪುಡಿ ಅಂಟುತ್ತದೆ. ಬಿಳಿಗೆ ಬಳಸುವ ಟೈಟಾನಿಯಂ ಡೈಆಕ್ಸೈಡ್ ತಾನು ಗಟ್ಟಿಯೇ, ಆದರೆ ಬಿಸಿಲಿನಲ್ಲಿ ತನ್ನನ್ನು ಹಿಡಿದಿಟ್ಟ ಎಣ್ಣೆಯನ್ನೇ ಕೆಡಿಸಿಬಿಡುತ್ತದೆ. ಎಲ್ಲಕ್ಕಿಂತ ಗಟ್ಟಿಗ ಎಂದರೆ ಹಳೆಯ ಪಿಂಗಾಣಿ ಬೋರ್ಡು. ಕಬ್ಬಿಣದ ತಗಡಿನ ಮೇಲೆ ಗಾಜಿನ ಪುಡಿ ಹರಡಿ, ಸುಮಾರು 800 ಡಿಗ್ರಿ ಶಾಖದಲ್ಲಿ ಕರಗಿಸಿ ಅಂಟಿಸಿದ್ದು. ಅದರ ನೀಲಿ ಕೋಬಾಲ್ಟಿನದು. ಬಿಸಿಲು ಅದನ್ನು ಏನೂ ಮಾಡದು. ಆದರೆ ಹುಡುಗರು ಕಲ್ಲೆಸೆದು ಒಂದು ಚೂರು ಹಾರಿದರೆ, ಮೊಳೆಯ ಹತ್ತಿರ ಸಿಡಿದರೆ, ಅಲ್ಲಿಂದ ತುಕ್ಕು ಒಳಗೆ ನುಗ್ಗುತ್ತದೆ. ಜಯನಗರ, ಬಸವನಗುಡಿಯ ಹಳೆಯ ರಸ್ತೆಗಳಲ್ಲಿ ಇಂಥ ಒಂದು ಬೋರ್ಡು ಕಣ್ಣಿಗೆ ಬಿದ್ದರೆ ನಾನು ಬಸ್ ತಪ್ಪಿದರೂ ಸರಿ ಎಂದು ನಿಲ್ಲುತ್ತೇನೆ.

ಫೋಟೋ ತೆಗೆಯುವವರು ಬೆಳಗಿನ ಮತ್ತು ಸಂಜೆಯ ಬೆಳಕನ್ನು ಹೊಗಳುತ್ತಾರೆ. ಮಾಸಿದ ಬೋರ್ಡು ಓದುವವನಿಗೆ ನಡುಹಗಲೇ ಬೇಕು. ಬನ್ನೇರುಘಟ್ಟ ರಸ್ತೆ ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿದೆ. ಅಂಗಡಿಗಳು ಪೂರ್ವಕ್ಕೋ ಪಶ್ಚಿಮಕ್ಕೋ ಮುಖ ಮಾಡಿವೆ. ಬೆಂಗಳೂರಿನಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂ ಇಪ್ಪತ್ತರ ಆಸುಪಾಸಿಗೆ. ನಮ್ಮ ಗಡಿಯಾರ ನಡೆಯುವುದು ಎಂಬತ್ತೆರಡೂವರೆ ಡಿಗ್ರಿ ರೇಖಾಂಶಕ್ಕೆ, ನಾವಿರುವುದು ಎಪ್ಪತ್ತೇಳೂವರೆಯ ಬಳಿ. ಆ ಹೊತ್ತಿಗೆ ಸ್ವಲ್ಪ ಮುಂಚೆ ಪೂರ್ವದ ಗೋಡೆಯ ಮೇಲೆ, ಸ್ವಲ್ಪ ಆಮೇಲೆ ಪಶ್ಚಿಮದ ಗೋಡೆಯ ಮೇಲೆ ಬಿಸಿಲು ಮೇಲಿನಿಂದ ಸವರಿಕೊಂಡು ಇಳಿಯುತ್ತದೆ. ಮೇಲೆ ಸಜ್ಜಾ ಇರದಿದ್ದರೆ, ಬಣ್ಣ ಹೋಗಿದ್ದರೂ ಕುಂಚದ ದಪ್ಪ ಉಳಿದಿದ್ದ ಕಡೆ ಒಂದು ಕೂದಲೆಳೆಯ ನೆರಳು ಬಿದ್ದು ಅಕ್ಷರ ಎದ್ದು ಬರುತ್ತದೆ. ಎದುರಿನಿಂದ ಬೆಳಕು ಬಿದ್ದಾಗ ಏನೂ ಕಾಣದ ಹಲಗೆ ಈ ಓರೆ ಬೆಳಕಿನಲ್ಲಿ ಹದಿನೈದು ನಿಮಿಷ ಮಾತಾಡುತ್ತದೆ. ಸಜ್ಜಾ ಇದ್ದರೆ ಸಂಜೆ ಕತ್ತಲಾದ ಮೇಲೆ ಪಕ್ಕದಿಂದ ಟಾರ್ಚು ಹಿಡಿಯಬೇಕು.

ಇದು ನನ್ನ ಶೋಧವೇನಲ್ಲ, ಶಾಸನ ಓದುವವರ ಹಳೆಯ ಉಪಾಯ. ನಮ್ಮಿಂದ ಕೆಲವೇ ಕಿಲೋಮೀಟರು ದೂರದ ಬೇಗೂರಿನ ದೇವಸ್ಥಾನದಲ್ಲಿ ಒಂದು ಕಲ್ಲಿದೆ. ‘ಬೆಂಗಳೂರು ಕಾಳಗ’ದಲ್ಲಿ ಮಡಿದವನೊಬ್ಬನ ನೆನಪಿಗೆ ಸುಮಾರು ಕ್ರಿ.ಶ. 890ರ ಹೊತ್ತಿಗೆ ನಿಲ್ಲಿಸಿದ್ದು. ಈ ಊರಿನ ಹೆಸರು ಕೆಂಪೇಗೌಡರ ಕಾಲಕ್ಕಿಂತ ಆರು ನೂರು ವರ್ಷಕ್ಕೂ ಹಿಂದಿನದು ಎಂದು ಇವತ್ತು ನಾವು ಧೈರ್ಯವಾಗಿ ಹೇಳುವುದು ಆ ಕಲ್ಲಿನ ಬಲದಿಂದ. ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಅದರಲ್ಲಿ ದಾಖಲಾದ ಎಷ್ಟೋ ಕಲ್ಲುಗಳು ಆಮೇಲೆ ಕಾಣೆಯಾದವು. ಕಲ್ಲು ಹೋದರೂ ಬರಹ ಪುಸ್ತಕದಲ್ಲಿ ಉಳಿದಿದೆ, ಯಾವ ಊರಿನ ಯಾವ ಜಾಗದಲ್ಲಿ ಕಂಡದ್ದು ಎಂಬ ವಿವರವೂ ಇದೆ. ಮಿಥಿಕ್ ಸೊಸೈಟಿಯವರು ಈಚಿನ ವರ್ಷಗಳಲ್ಲಿ ಉಳಿದ ಕಲ್ಲುಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ. ದರ್ಜಿ ಅಂಗಡಿಯ ತಗಡನ್ನು ವೀರಗಲ್ಲಿಗೆ ಹೋಲಿಸುತ್ತಾರಲ್ಲ ಈ ಮೇಷ್ಟ್ರು ಎಂದು ನಗಬೇಡಿ. ದರ್ಜಿಯ ಕಥೆಯನ್ನೇ ಹೇಳುತ್ತೇನೆ.

ರಸ್ತೆಯ ಅಂಚಿನಲ್ಲಿ ಒಂದು ಹೊಲಿಗೆ ಅಂಗಡಿಯಿತ್ತು. ಕಟ್ಟಡ ಬೇರೆಯವರದು, ಹೊಲಿಗೆ ಯಂತ್ರ ಮಾತ್ರ ಅವರದು. 2019ರಲ್ಲಿ ಅದರ ಬೋರ್ಡಿನ ಫೋಟೋ ತೆಗೆದಿದ್ದೆ. ಮುಂದೆ ಆ ಸಾಲನ್ನೇ ಕೆಡವಿದರು. ಒಂದು ದಿನ ಆ ದರ್ಜಿ ಶಾಲೆಯ ಗೇಟಿನ ಬಳಿ ನನ್ನನ್ನು ಹುಡುಕಿಕೊಂಡು ಬಂದರು. ಬಾಡಿಗೆದಾರರಾಗಿ ಇಂತಿಷ್ಟು ವರ್ಷದಿಂದ ಅಲ್ಲೇ ಕೆಲಸ ಮಾಡುತ್ತಿದ್ದೆ ಎಂಬುದಕ್ಕೆ ಒಂದು ಕಚೇರಿಯಲ್ಲಿ ಪುರಾವೆ ಕೇಳಿದ್ದರಂತೆ. ಕರಾರು ಪತ್ರ ಎಂದೂ ಆಗಿರಲಿಲ್ಲ, ಎಲ್ಲ ಬಾಯಿಮಾತು. ಊರಿನ ಎಷ್ಟೋ ಮದುವೆಗಳಿಗೆ ಬಟ್ಟೆ ಹೊಲಿದವರು. ಎಲ್ಲರ ಆಲ್ಬಮ್ಮಿನಲ್ಲೂ ಅವರ ಹೊಲಿಗೆ ಇದೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕೂತ ಅಂಗಡಿಯ ಒಂದೇ ಒಂದು ಚಿತ್ರ ಅವರ ಬಳಿ ಇರಲಿಲ್ಲ. “ದಿನಾ ನೋಡೋದನ್ನ ಯಾರು ಫೋಟೋ ಹೊಡೆಸ್ತಾರೆ ಸಾರ್?” ಎಂದರು.

ನನ್ನ ಚಿತ್ರ 2019ರದು. ಅದಕ್ಕೆ ಹಿಂದೆಯೂ ಅಂಗಡಿ ಇತ್ತು ಎಂದು ಅದು ಹೇಗೆ ಸಾರೀತು? ದೊಡ್ಡದು ಮಾಡಿ ನೋಡಿದೆವು. ಹೆಸರಿನ ಕೆಂಪು ಹೋಗಿತ್ತು. ಮೂಲೆಯಲ್ಲಿ, ಓರೆ ಬಿಸಿಲಿಗೆ ಎದ್ದು ನಿಂತ ಏಳಂಕಿಯ ನಂಬರಿತ್ತು, ಮೊದಲಂಕಿ 6. ಅದನ್ನು ನೋಡಿದ ಕೂಡಲೇ ದರ್ಜಿಯ ಮುಖ ಬದಲಾಯಿತು. “ಅದು ಪಕ್ಕದ ಅಂಗಡಿ ನಂಬರಲ್ಲ, ನನ್ನದೇ! ನಾನೇ ಹಾಕಿಸಿದ್ದ ಫೋನು!” ಮನೆಗೆ ಹೋಗಿ ಟ್ರಂಕು ಜಾಲಾಡಿದರು. ಹೆಂಡತಿಯ ಹಳೆಯ ಸೀರೆಗಳ ಕೆಳಗೆ ಹಾಸಿದ್ದ ಕಾಗದಗಳಲ್ಲಿ ಆ ನಂಬರಿನ ಒಂದು ಟೆಲಿಫೋನ್ ಬಿಲ್ಲು ಸಿಕ್ಕಿತು, ಅಂಗಡಿಯ ವಿಳಾಸ ಮತ್ತು ತಾರೀಖಿನ ಸಮೇತ. ಫೋಟೋ ಎಲ್ಲಿ, ಯಾವ ದಿನ, ಯಾವ ದಿಕ್ಕಿಗೆ ನಿಂತು ತೆಗೆದದ್ದು ಎಂದು ನಾನು ಅರ್ಧ ಪುಟ ಬರೆದು ಸಹಿ ಹಾಕಿದೆ. ಆ ಟಿಪ್ಪಣಿಯನ್ನೂ ಬಿಲ್ಲನ್ನೂ ಕಡತಕ್ಕೆ ಸೇರಿಸಿಕೊಂಡರು. ಈಗ ಒಳರಸ್ತೆಯ ಸಣ್ಣ ಕೋಣೆಯಲ್ಲಿ ಯಂತ್ರದ ಮೇಲ್ಗಡೆ ಆ ಫೋಟೋ ಫ್ರೇಮಿನಲ್ಲಿದೆ. ನನ್ನ ಪ್ಯಾಂಟಿನ ಹೊಲಿಗೆ ಕೂಲಿಯನ್ನು ಮಾತ್ರ ಚೌಕಾಸಿಗೆ ಬಿಡದೆ ಪೂರ್ತಿ ತೆಗೆದುಕೊಂಡರು, ಅದೂ ಸರಿಯೇ.

ಅಂದಿನಿಂದ ಮಕ್ಕಳಿಗೆ ನಾನು ಮೊದಲು ಕಲಿಸುವುದು ಫೋಟೋ ತೆಗೆಯುವುದನ್ನಲ್ಲ, ಫೋಟೋದ ಹಿಂದೆ ಬರೆಯುವುದನ್ನು. ಪ್ಯಾರಿಸಿನಲ್ಲಿ ಯೂಜೀನ್ ಅಟ್ಜೆ ಎಂಬಾತನಿದ್ದ, 1857ರಲ್ಲಿ ಹುಟ್ಟಿ 1927ರಲ್ಲಿ ತೀರಿಕೊಂಡವನು. ನಾಟಕದ ನಟನಾಗಿದ್ದು, ಆಮೇಲೆ ಮೂವತ್ತು ವರ್ಷ ಭಾರದ ಕ್ಯಾಮೆರಾ ಹೊತ್ತು ಹಳೆಯ ಪ್ಯಾರಿಸಿನ ಅಂಗಡಿಗಳನ್ನೂ ಅಂಗಳಗಳನ್ನೂ ಗಾಜಿನ ಫಲಕಗಳ ಮೇಲೆ ಹಿಡಿದ. ತನ್ನ ಚಿತ್ರಗಳನ್ನು ಕಲೆ ಎನ್ನದೆ ದಾಖಲೆಗಳು ಎಂದೇ ಕರೆದ. 1920ರಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಫಲಕಗಳನ್ನು ಫ್ರಾನ್ಸ್ ಸರ್ಕಾರ ಕೊಂಡಿತು. ಪ್ರಿಂಟಿನ ಹಿಂಭಾಗದಲ್ಲಿ ಪೆನ್ಸಿಲಿನಲ್ಲಿ ಜಾಗದ ಹೆಸರು, ಕ್ರಮಸಂಖ್ಯೆ ಬರೆದಿಡುತ್ತಿದ್ದ. ಪೆನ್ಸಿಲೇ ಏಕೆ ಉತ್ತಮ? ಅದರ ಸೀಸ ಎಂದು ಕರೆಯುವ ಗ್ರಾಫೈಟ್ ಶುದ್ಧ ಇಂಗಾಲ. ಬಿಸಿಲಿಗೆ ಮಾಸದು, ತೇವಕ್ಕೆ ಹರಡದು. ಬಾಲ್‌ಪೆನ್ನಿನ ಶಾಯಿ ಕಾಗದದ ಈಚೆಗೂ ಇಳಿದುಬಿಡುತ್ತದೆ.

ಫೋಟೋಗಳಿಗೂ ಬೋರ್ಡಿನ ಗತಿಯೇ. ಹತ್ತನೇ ತರಗತಿಯ ಮೊದಲ ಪಾಠದಲ್ಲೇ ಬೆಳ್ಳಿಯ ಕ್ಲೋರೈಡ್ ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗುವ ಪ್ರಯೋಗವಿದೆ. ಕಪ್ಪು-ಬಿಳುಪು ಫೋಟೋದಲ್ಲಿರುವುದು ಆ ಬಗೆಯ ಬೆಳ್ಳಿ, ಅದಕ್ಕೇ ಅಜ್ಜಿಯ ಮದುವೆಯ ಚಿತ್ರ ಇನ್ನೂ ಗಟ್ಟಿಯಾಗಿದೆ. ಅಪ್ಪ-ಅಮ್ಮನ ಮದುವೆಯ ಕಲರ್ ಫೋಟೋದಲ್ಲಿರುವುದು ಸಾವಯವ ಬಣ್ಣ. ಗೋಡೆಗೆ ಹಾಕಿದ್ದರೆ ಸೀರೆಯ ಬಣ್ಣ ಆಗಲೇ ಬದಲಾಗಿರಬೇಕು. ಫೋನಿನ ಚಿತ್ರ ಮಾಸುವುದಿಲ್ಲ ನಿಜ. ಅದು ಇದ್ದರೆ ಪೂರ್ತಿ ಇರುತ್ತದೆ, ಫೋನು ನೀರಿಗೆ ಬಿದ್ದರೆ ಪೂರ್ತಿ ಹೋಗುತ್ತದೆ. ಹಾಗಾಗಿ ಮುಖ್ಯವಾದ ಹತ್ತಿಪ್ಪತ್ತನ್ನು ಕಾಗದದ ಮೇಲೆ ಪ್ರಿಂಟು ಹಾಕಿಸಿ ಎನ್ನುತ್ತೇನೆ.

ತಂದೆ-ತಾಯಂದಿರಲ್ಲಿ ಕೆಲವರಿಗೆ ಇದೆಲ್ಲ ಇಷ್ಟವಿಲ್ಲ. ‘ಎಸ್ಸೆಸ್ಸೆಲ್ಸಿ ವರ್ಷ ಸಾರ್, ಬೋರ್ಡು ನೋಡಿಕೊಂಡು ತಿರುಗಿದರೆ ಬೋರ್ಡ್ ಪರೀಕ್ಷೆ ಯಾರು ಬರೀತಾರೆ?’ ಎಂದರು ಒಬ್ಬರು. ಶ್ಲೇಷೆ ಚೆನ್ನಾಗಿತ್ತು, ನಾನು ನಕ್ಕೆ. ಆದರೆ ಅವರ ಮಗನೇ ಬೆಳಕಿನ ಪಾಠದಲ್ಲಿ ಓರೆ ಕಿರಣದ ಚಿತ್ರವನ್ನು ತರಗತಿಯಲ್ಲಿ ಎಲ್ಲರಿಗಿಂತ ಸ್ಪಷ್ಟವಾಗಿ ಬರೆದವನು. ಒಂದು ನಿಯಮ ಮಾತ್ರ ಕಟ್ಟುನಿಟ್ಟು: ಅಂಗಡಿಯವರನ್ನು ಕೇಳದೆ ಕ್ಯಾಮೆರಾ ಎತ್ತುವಂತಿಲ್ಲ, ಒಳಗಿರುವವರ ಮುಖ ತೆಗೆಯುವಂತಿಲ್ಲ. ಒಮ್ಮೆ ಒಬ್ಬ ಅಂಗಡಿಯಾತ ನನ್ನನ್ನು ಪಾಲಿಕೆಯವನೆಂದೇ ತಿಳಿದು ಅವಸರದಿಂದ ಫುಟ್‌ಪಾತಿನ ಮೂಟೆಗಳನ್ನೆಲ್ಲ ಒಳಗೆಳೆದುಕೊಂಡ. ಮೇಷ್ಟ್ರು ಎಂದು ತಿಳಿದ ಮೇಲೆ ಮತ್ತೆ ಹೊರಗಿಟ್ಟ.

ಸದ್ಯಕ್ಕೆ ನಮ್ಮ ಮುಂದೆ ಒಂದು ದಿನಸಿ ಅಂಗಡಿಯ ಬೋರ್ಡಿದೆ. ‘…ಶ್ವರ ಪ್ರಾವಿಷ… ಸ್ಟೋ…’ ಎಂದಷ್ಟೇ ಉಳಿದಿದೆ. ಈಗ ಅಂಗಡಿ ನಡೆಸುವವರು ಬೇರೆಯವರಿಂದ ಕೊಂಡದ್ದಂತೆ, ಮೊದಲ ಅಕ್ಷರಗಳು ಅವರಿಗೂ ತಿಳಿಯದು. ಮುಂದಿನ ತಿಂಗಳು ಹೊಸ ಬೋರ್ಡು ಬರುತ್ತದೆ, ಹಳೆಯದು ಗುಜರಿಗೆ. ಮಕ್ಕಳಲ್ಲಿ ಎರಡು ಪಕ್ಷಗಳಾಗಿವೆ: ವೆಂಕಟೇಶ್ವರ ಎಂದು ಒಂದು, ಮಹದೇಶ್ವರ ಎಂದು ಇನ್ನೊಂದು. ಮೊದಲಿಗೆ ಒಂದು ಸೊನ್ನೆಯ ಗುರುತಿದೆ ಎಂದು ಒಬ್ಬ ಹುಡುಗಿ ಹಟ ಹಿಡಿದಿದ್ದಾಳೆ. ಅದು ಮೊಳೆಯ ತುಕ್ಕು ಎಂದು ಎದುರು ಪಕ್ಷ. ಬೋರ್ಡು ಪಶ್ಚಿಮಕ್ಕೆ ಮುಖ ಮಾಡಿದೆ, ಮೇಲೆ ಸಜ್ಜಾ ಇಲ್ಲ. ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಹನ್ನೆರಡೂವರೆಗೆ ಏಣಿ ತರುತ್ತೇನೆಂದು ಅಂಗಡಿಯವರೇ ಹೇಳಿದ್ದಾರೆ.